ಹತ್ತೊಂಬತ್ತನೇ ಫಾರಂ

ನಮ್ಮ ಚಿಕ್ಕಮ್ಮ ಪುಸ್ತಕ ಕಟ್ಟಲು ಕೂತು ಇಪ್ಪತ್ತಾರು ವರ್ಷವಾಯಿತು. ಅದರಲ್ಲಿ ಮೊದಲ ಹದಿನೆಂಟು ವರ್ಷ ಅವಳಿಗೆ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಪ್ರೆಸ್ಸಿನಲ್ಲಿ ನರಪಿಳ್ಳೆಗೂ ಗೊತ್ತಿರಲಿಲ್ಲ. ಅದೇ ಬೈಂಡಿಂಗ್ ಕೋಣೆಗೆ ನಾನು ಅಂಟು ಹಚ್ಚುವ ಕೆಲಸಕ್ಕೆ ಸೇರಿದ ದಿನ, ಮೆಟ್ಟಿಲು ಹತ್ತುವಾಗಲೇ ಅವಳು ನನ್ನ ಮಣಿಕಟ್ಟು ಹಿಡಿದು, ಈ ವಿಷಯ ನಿನ್ನ ಬಾಯಿಂದ ಹೊರಬಿದ್ದರೆ ನಾನು ನಿನಗೆ ಚಿಕ್ಕಮ್ಮನೇ ಅಲ್ಲ ಎಂದಿದ್ದಳು. ನನ್ನ ಬಾಯಿ ಸ್ವಲ್ಪ ಸಡಿಲ. ಆದರೂ ಆ ಒಂದು ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಓದಲು ಬಾರದವಳು ಪುಸ್ತಕ ಹೇಗೆ ಕಟ್ಟಿದಳು ಎಂದು ಮೂಗು ಮುರಿಯುವವರಿಗೆ ನಮ್ಮ ಕೆಲಸ ಗೊತ್ತಿಲ್ಲ. ಪುಸ್ತಕ ನಮ್ಮ ಕೈಗೆ ಬರುವುದು ದೊಡ್ಡ ದೊಡ್ಡ ಹಾಳೆಗಳಾಗಿ. ಒಂದು ಹಾಳೆ ಮಡಚಿದರೆ ಹದಿನಾರು ಪುಟ. ಅದಕ್ಕೆ ಫಾರಂ ಎನ್ನುತ್ತೇವೆ. ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಸಣ್ಣದಾಗಿ ಅದರ ಅಂಕಿ ಇರುತ್ತದೆ, ಮಡಿಕೆಯ ಬೆನ್ನಿನ ಮೇಲೆ ಒಂದು ಕಪ್ಪು ಗುರುತು ಇರುತ್ತದೆ. ಫಾರಂಗಳನ್ನು ಸಾಲಾಗಿ ಜೋಡಿಸಿದಾಗ ಆ ಗುರುತುಗಳು ಬೆನ್ನಿನ ಮೇಲೆ ಮೆಟ್ಟಿಲುಗಳಂತೆ ಇಳಿಯುತ್ತವೆ. ಒಂದು ಫಾರಂ ತಪ್ಪಿದರೆ ಒಂದು ಮೆಟ್ಟಿಲು ಖಾಲಿ. ಹೊಲಿಗೆಗೆ ಹೋಗುವ ಮುಂಚೆ ಪ್ರತಿಯೊಂದು ಪ್ರತಿಯ ಮೆಟ್ಟಿಲು ನೋಡುವುದು ಚಿಕ್ಕಮ್ಮನ ಕೆಲಸ. ಅದಕ್ಕೆ ಅಕ್ಷರ ಬೇಕಾಗಿಲ್ಲ, ಕಣ್ಣು ಬೇಕು. ಎಲ್ಲ ಸರಿಯಿದ್ದರೆ ಕೊನೆಯ ಖಾಲಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗೀಟು ಹಾಕುತ್ತಿದ್ದಳು. ಆ ಗೀಟು ಬಿದ್ದ ಒಂದೇ ಒಂದು ಪುಸ್ತಕವೂ ಪುಟ ಕಡಿಮೆಯೆಂದು ಅಂಗಡಿಯಿಂದ ವಾಪಸು ಬಂದದ್ದಿಲ್ಲ. ನಮ್ಮ ಮೇಸ್ತ್ರಿ ಯಾರನ್ನೂ ಹೊಗಳದ ಮನುಷ್ಯ. ಅವನೂ ಹೊಸಬರು ಬಂದರೆ ಅವಳ ಮೇಜು ತೋರಿಸಿ ಈ ಮಾತು ಹೇಳುತ್ತಿದ್ದ.

ಗುಟ್ಟು ರಟ್ಟಾದದ್ದು ಅವಳ ಕೈ ಊದಿಕೊಂಡಾಗ. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಪ್ರೆಸ್ಸು, ಕೆಳಗೆ ಎಕ್ಸ್‌ರೇ ತೆಗೆಯುವ ಜಾಗ. ಅಲ್ಲಿ ಚಿತ್ರ ತೆಗೆಯುವವರನ್ನು ನಾವೆಲ್ಲ ಎಕ್ಸ್‌ರೇ ಮೇಡಂ ಎನ್ನುತ್ತೇವೆ. ಚಿಕ್ಕಮ್ಮನಿಗಿಂತ ಏಳೆಂಟು ವರ್ಷ ಚಿಕ್ಕವರು, ಮಾತು ಕಡಿಮೆ, ಬಿಡುವಿದ್ದಾಗಲೆಲ್ಲ ಕೈಯಲ್ಲೊಂದು ಪುಸ್ತಕ. ತುಂಬಿ ಕೊಡಿ ಎಂದು ಅವರು ಕೊಟ್ಟ ಕಾಗದವನ್ನು ಚಿಕ್ಕಮ್ಮ ಹಾಗೇ ಹಿಂದಕ್ಕೆ ಕೊಟ್ಟು, ಕನ್ನಡಕ ಮರೆತು ಬಂದೆ ಎಂದಳು. ಎರಡನೇ ಸಲವೂ ಮರೆತಿದ್ದಳು. ಮೂರನೇ ಸಲ ಮೇಡಂ ಒಳಗಿನಿಂದ ಒಂದು ಡಬ್ಬಿ ತಂದು ಮುಂದಿಟ್ಟರು. ಅದರ ತುಂಬ, ಬಂದವರು ಬಿಟ್ಟು ಹೋದ ಕನ್ನಡಕಗಳು. ಯಾವುದು ಸರಿಹೋಗುತ್ತೋ ಹಾಕ್ಕೊಳ್ಳಿ ಎಂದರು. ಚಿಕ್ಕಮ್ಮ ಒಂದೊಂದಾಗಿ ಎಲ್ಲವನ್ನೂ ಮೂಗಿಗೇರಿಸಿ ನೋಡಿದಳು, ಕಾಗದವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕೊನೆಗೆ ಕಾಗದ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳಂತೆ. ಮೇಡಂ ಆ ಕಾಗದ ತೆಗೆದುಕೊಂಡರು. ತಾವೇ ತುಂಬಿದರು.

ಮಾರನೆಯ ದಿನ ಊಟದ ಹೊತ್ತಿಗೆ ಅವರು ತಮ್ಮ ಊಟದ ಡಬ್ಬಿಯನ್ನೂ ಒಂದು ದಪ್ಪ ಪುಸ್ತಕವನ್ನೂ ಹಿಡಿದು ಮೇಲೆ ಬಂದರು. ನಾವು ಊಟ ಮಾಡುವುದು ಎರಡು ಮಹಡಿಗಳ ನಡುವೆ ಮೆಟ್ಟಿಲು ತಿರುಗುವ ಜಾಗದಲ್ಲಿ; ಅಲ್ಲೊಂದು ಅಗಲವಾದ ಕಿಟಕಿ ಇದೆ. ಪುಸ್ತಕ ನಮ್ಮಲ್ಲೇ ಕಟ್ಟಿದ್ದು, ಮೂರು ಭಾಗಗಳ ಕೊಲೆ ಕಾದಂಬರಿಯ ಮೊದಲ ಭಾಗ. ಮೇಡಂ ಜೋರಾಗಿ ಓದಿದರು, ಚಿಕ್ಕಮ್ಮ ಕೈಯ ತುತ್ತು ಬಾಯಿಗೆ ಹೋಗದ ಹಾಗೆ ಕೇಳಿದಳು. ಕಥೆಯಲ್ಲಿ, ಲಿಫ್ಟಿನೊಳಗೆ ಒಬ್ಬ ಸತ್ತು ಬಿದ್ದಿದ್ದಾನೆ, ಲಿಫ್ಟು ಎಲ್ಲೂ ನಿಂತೇ ಇಲ್ಲ. ಪತ್ತೆ ಮಾಡಲು ಹೊರಟವಳು ಪೊಲೀಸ್ ಕೆಲಸ ಬಿಟ್ಟ ಒಬ್ಬ ಹೆಂಗಸು. ಅವಳ ಅಣ್ಣ ಒಬ್ಬನಿದ್ದಾನೆ, ಒಬ್ಬ ವಕೀಲನಿದ್ದಾನೆ. ನನಗಂತೂ ಈ ಜಾತಿಯ ಪುಸ್ತಕ ಕಂಡರಾಗದು. ಯಾರೋ ಸತ್ತರು, ಯಾರೋ ಸಾಯಿಸಿದರು, ನಮಗೇನಾಗಬೇಕು? ಆದರೆ ಇವರಿಬ್ಬರಿಗೂ ಹುಚ್ಚು ಹಿಡಿಯಿತು. ಮೊದಲ ಭಾಗ ಮುಗಿಯುವಷ್ಟರಲ್ಲಿ ಮೇಡಂ ಅವಳಿಗೆ ಪುಸ್ತಕದ ಪಕ್ಕದಲ್ಲೇ ಒಂದು ಹಳೆಯ ಎಕ್ಸ್‌ರೇ ಲಕೋಟೆಯ ಮೇಲೆ ಅಕ್ಷರ ತಿದ್ದಿಸಲು ಶುರುಮಾಡಿದ್ದರು.

ಎರಡನೇ ಭಾಗ ಮೂರು ವರ್ಷದ ಮೇಲೆ ಬಂತು. ಅದನ್ನು ಮೇಡಂ ಒಂದು ಪುಟ, ಚಿಕ್ಕಮ್ಮ ಒಂದು ಪ್ಯಾರಾ ಎಂದು ಹಂಚಿಕೊಂಡು ಓದಿದರು. ಆ ಪ್ಯಾರಾ ಕೇಳುವುದು ಶಿಕ್ಷೆ. ಒತ್ತಕ್ಷರ ಬಂದರೆ ಚಿಕ್ಕಮ್ಮ ನಿಂತುಬಿಡುವಳು, ಮೇಲಿನ ಸಾಲಿಗೆ ಹಿಂದಿರುಗುವಳು, ನನಗೆ ತಲೆ ಚಿಟ್ಟು ಹಿಡಿಯುವುದು. ಆ ಹೊತ್ತಿಗೆ ಇಡೀ ಬೈಂಡಿಂಗ್ ಕೋಣೆಗೆ ವಿಷಯ ಗೊತ್ತಾಗಿತ್ತು. ಹೊಲಿಗೆ ಮೇಜಿನವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮನೆಯಲ್ಲಿ ಚಿಕ್ಕಪ್ಪ, ಈ ವಯಸ್ಸಲ್ಲಿ ಕಲಿತು ಯಾವ ಪರೀಕ್ಷೆ ಬರೀಬೇಕು ಎಂದು ಕೆಣಕುತ್ತಿದ್ದ. ಚಿಕ್ಕಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಲೆಗಾರ ಅಣ್ಣನೇ ಎಂದು ಅವಳು ಮೊದಲ ಭಾಗದಿಂದಲೂ ಪಟ್ಟು ಹಿಡಿದಿದ್ದಳು. ತಂಗಿ ಮನೆಗೆ ಬಂದಾಗಲೆಲ್ಲ ಯಾರನ್ನು ನೋಡಿದೆ, ಏನು ಕೇಳಿದೆ ಎಂದು ವಿಚಾರಿಸುತ್ತಾನಲ್ಲ, ಅಷ್ಟು ಅಕ್ಕರೆ ಯಾವ ಅಣ್ಣನಿಗಿರುತ್ತೆ ಎಂಬುದು ಅವಳ ವಾದ. ಮೇಡಂ ವಕೀಲನ ಮೇಲೆ ಕಣ್ಣಿಟ್ಟಿದ್ದರು.

ಕೊನೆಯ ಭಾಗ ಬರಲು ಇನ್ನೂ ಐದು ವರ್ಷ ಹಿಡಿಯಿತು. ಅದು ನಮ್ಮ ಪ್ರೆಸ್ಸಿಗೇ ಬರುತ್ತದೆಂದು ಗೊತ್ತಾದ ದಿನ ಚಿಕ್ಕಮ್ಮ ಮೆಟ್ಟಿಲ ತಿರುವಿನಲ್ಲಿ ಒಂದು ಮಾತು ಹೇಳಿದಳು. ಇದನ್ನು ಅವಳು ಒಬ್ಬಳೇ ಓದುತ್ತಾಳೆ, ಮೊದಲಿಂದ ಕೊನೆಯವರೆಗೆ, ಯಾರ ಸಹಾಯವೂ ಇಲ್ಲದೆ. ಆಮೇಲೆ ಮೇಡಂ ಜೊತೆ ಸರಿಸಮ ಕೂತು ಮಾತಾಡುತ್ತಾಳೆ. ಹೊಲಿಗೆ ಮೇಜಿನವಳು ಕೇಳಿಸಿಕೊಂಡಳು. ಮೇಸ್ತ್ರಿಯೂ ಕೇಳಿಸಿಕೊಂಡ. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಮುದ್ರಣ ಶುರುವಾದಾಗ ಯಂತ್ರ ಹದಕ್ಕೆ ಬರುವವರೆಗೆ ಮೊದಲ ಕೆಲವು ಹಾಳೆಗಳು ಕೆಡುತ್ತವೆ. ಮಸಿ ಹೆಚ್ಚು, ಇಲ್ಲವೇ ಕಮ್ಮಿ. ಅವು ರದ್ದಿ. ಬೇಕಾದವರು ಮನೆಗೆ ಒಯ್ದು ಕಪಾಟಿಗೆ ಹಾಸಿಕೊಳ್ಳುತ್ತಾರೆ. ಚಿಕ್ಕಮ್ಮ ಪ್ರತಿ ಫಾರಂನ ಒಂದೊಂದು ರದ್ದಿ ಹಾಳೆಯನ್ನು ಮನೆಗೆ ಒಯ್ದು, ಮಡಚಿ, ಅಂಕಿಯ ಪ್ರಕಾರ ಜೋಡಿಸಿಟ್ಟು ಓದತೊಡಗಿದಳು. ಬೆಳಗ್ಗೆ ಒಲೆಯ ಮೇಲೆ ಏನಾದರೂ ಕುದಿಯುತ್ತಿರುವಾಗ ಒಂದು ಪುಟ, ಬಸ್ಸಿನಲ್ಲಿ ಎರಡು ಪುಟ. ಐದು ವಾರದಲ್ಲಿ ಇಪ್ಪತ್ತೈದು ಫಾರಂ, ನಾನೂರು ಪುಟ. ಕೊನೆಯ ಪುಟ ಮುಗಿಸಿದ ಸಂಜೆ ನಮ್ಮ ಮನೆಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಮುಗೀತು ಎಂದಳು. ಏನು ಮುಗೀತು ಎಂದು ನಾನು ಕೇಳಿದೆ. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಇಷ್ಟರಲ್ಲಿ ಪುಸ್ತಕವೂ ಸಿದ್ಧವಾಗಿತ್ತು. ನಮ್ಮಲ್ಲಿ ಒಂದು ರೂಢಿ: ಯಾವುದೇ ಪುಸ್ತಕದ ಕಟ್ಟಕಡೆಯ ಪ್ರತಿ ಅಂಗಡಿಗೆ ಹೋಗುವುದಿಲ್ಲ. ತಳದಲ್ಲಿ ಉಳಿದ ಹಾಳೆಗಳಿಂದ ಆಗುವುದರಿಂದ ಅದು ಸ್ವಲ್ಪ ಸೊಟ್ಟಗಿರುತ್ತದೆ. ಅದಕ್ಕೆ ಬಾಲ ಎಂದು ಹೆಸರು. ಬಾಲ ಬೈಂಡಿಂಗ್‌ನವರಿಗೆ ಸೇರಿದ್ದು, ಕೇಳಿದವರಿಗೆ ಮೇಸ್ತ್ರಿ ಕೊಡುತ್ತಾನೆ. ಈ ಸಲ ಚಿಕ್ಕಮ್ಮ ಕೇಳಿ ತೆಗೆದುಕೊಂಡು, ಕೆಳಗಿಳಿದು ಹೋಗಿ ಮೇಡಂ ಕೈಗೆ ಕೊಟ್ಟಳು. ಅವರು ಒಂದೇ ಭಾನುವಾರದಲ್ಲಿ ಓದಿ ಮುಗಿಸಿದರು. ಅವರು ಓದುವುದು ಹಾಗೇ, ಬಿಸಿ ನೆಲದ ಮೇಲೆ ಬರಿಗಾಲಲ್ಲಿ ಓಡಿದ ಹಾಗೆ.

ಸೋಮವಾರ ಊಟಕ್ಕೆ ಕೂತಾಗ ಚಿಕ್ಕಮ್ಮ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. ಮೇಡಂ ಮೊದಲು ಸೋಲೊಪ್ಪಿಕೊಂಡರು. ವಕೀಲ ಅಲ್ಲ, ಅಣ್ಣನೇ. ಚಿಕ್ಕಮ್ಮನ ಮುಖ ಅರಳಿತು. ಆದರೆ ಮೇಡಂಗೆ ಒಂದು ತಕರಾರಿತ್ತು. ಕೊನೆಯ ಅಧ್ಯಾಯದಲ್ಲಿ ತಂಗಿ ಅಣ್ಣನಿಗೆ, ನೀನು ದಿನವಿಡೀ ಹೊರಗೆ ಹೋಗಿಲ್ಲ ಅಂದೆ, ನಿನ್ನ ಕೊಡೆ ಒದ್ದೆಯಾಗಿತ್ತು ಎನ್ನುತ್ತಾಳೆ. ಆ ಕೊಡೆ ಎಲ್ಲಿಂದ ಬಂತು? ಅದರ ಸುಳಿವನ್ನೇ ಕೊಡದೆ ಕೊನೆಯಲ್ಲಿ ಎಳೆದು ತಂದರೆ ಅದು ಓದುಗರಿಗೆ ಮಾಡುವ ಮೋಸ ಎಂದರು. ಎಂಟು ವರ್ಷ ಕಾಯಿಸಿ ಇಂಥದ್ದು ಮಾಡಬಾರದಿತ್ತು ಎಂದು ಅವರಿಗೆ ನಿಜವಾಗಿ ಬೇಜಾರಾಗಿತ್ತು.

ಕೊಡೆ ಮುಂಚೆಯೇ ಬಂದಿದೆ ಎಂದಳು ಚಿಕ್ಕಮ್ಮ. ಅಣ್ಣನ ಮನೆಯಲ್ಲಿ, ಬಾಗಿಲ ಹಿಂದೆ. ತಂಗಿ ಕೋಟು ತಗುಲಿಹಾಕುವಾಗ ಅವಳ ಕೈಗೆ ತಣ್ಣಗೆ ತಾಗುತ್ತದೆ, ಕೆಳಗೆ ನೆಲ ಒದ್ದೆ. ಮೇಡಂ ಇಲ್ಲವೆಂದರು. ತಂಗಿ ಆ ಭಾಗದಲ್ಲಿ ಅಣ್ಣನ ಮನೆಗೆ ಹೋಗುವುದೇ ಇಲ್ಲವೆಂದರು. ಚಿಕ್ಕಮ್ಮ ಹೋಗುತ್ತಾಳೆ ಎಂದಳು. ಮೇಡಂ ದನಿ ತಗ್ಗಿಸಿ ಕೇಳಿದರು.

“ಅಕ್ಕ, ಬೇಜಾರು ಮಾಡ್ಕೋಬೇಡಿ. ಕಥೆ ನಿಮಗೆ ಇವಳು ಓದಿ ಹೇಳಿದ್ಲಾ?”

ಇವಳು ಎಂದರೆ ನಾನು. ನಾನು ಆ ಪುಸ್ತಕದ ಬೆನ್ನಿಗೆ ಅಂಟು ಹಚ್ಚಿದ್ದೇನೆಯೇ ಹೊರತು ಒಳಗೆ ಕಣ್ಣು ಹಾಯಿಸಿದವಳಲ್ಲ. ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದಳು. ಹೊಲಿಗೆ ಮೇಜಿನವಳು ಮೇಲಿನ ಮೆಟ್ಟಿಲಲ್ಲಿ ಕೂತು ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಅರ್ಧಂಬರ್ಧ ಓದಿ ಉಳಿದದ್ದನ್ನು ತಲೆಯಲ್ಲೇ ಕಟ್ಟಿಕೊಂಡಿರಬೇಕು ಎಂದು ಅವಳು ಪಕ್ಕದವಳಿಗೆ ಹೇಳಿದಳು. ಮೇಡಂ, ಪರವಾಗಿಲ್ಲ ಅಕ್ಕ, ನಾಳೆ ಪುಸ್ತಕ ತರ್ತೀನಿ, ಒಟ್ಟಿಗೆ ನೋಡೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ಪರವಾಗಿಲ್ಲ ಎಂಬ ಮಾತು ಚಿಕ್ಕಮ್ಮನಿಗೆ ಎಷ್ಟು ಚುಚ್ಚಿತೆಂದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಆ ಮಧ್ಯಾಹ್ನ ಅವಳು ಒಂದೇ ಕಟ್ಟಿನ ಮೆಟ್ಟಿಲುಗಳನ್ನು ಮೂರು ಸಲ ನೋಡಿದಳು.

ಸಂಜೆ ಬಸ್ಸಿನಲ್ಲಿ ಅವಳು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. ಇಲ್ಲದ್ದನ್ನು ಇದೆ ಅಂತ ಓದಿಕೊಳ್ಳೋಕೆ ಆಗುತ್ತಾ? ಎಂಟು ವರ್ಷದಿಂದ ತಾನು ಓದುತ್ತಿದ್ದೇನೆ ಅಂದುಕೊಂಡದ್ದು ಓದೇ ಅಲ್ಲವೇನೋ ಎಂಬ ಭಯ ಅವಳಿಗೆ ಹತ್ತಿತ್ತು. ಮೇಡಂ ಮೇಲಿನ ಸಿಟ್ಟನ್ನೆಲ್ಲ ಕಂಡಕ್ಟರನ ಮೇಲೆ ತೀರಿಸಿಕೊಂಡೆ.

ಮರುದಿನ ಅವಳು ಚೀಲದಲ್ಲಿ ಒಂದು ಫಾರಂ ಇಟ್ಟುಕೊಂಡು ಬಂದಳು. ಮನೆಗೆ ಹೋಗಿ ಹುಡುಕಿ ಓದಿದ್ದಳು. ಕೊಡೆ ಬಾಗಿಲ ಹಿಂದೆಯೇ ಇತ್ತು. ಆದರೂ ನನಗೆ ತೋರಿಸಲಿಲ್ಲ, ಮುಖದಲ್ಲಿ ಬೀಗುವಿಕೆಯೂ ಇರಲಿಲ್ಲ. ಊಟದ ಹೊತ್ತಿಗೆ ಮೇಡಂ ಪುಸ್ತಕ ತಂದರು. ಅವರು ಮುನ್ನೂರನೇ ಪುಟದ ಆಸುಪಾಸಿನಲ್ಲಿ ತಿರುವಿ ಹುಡುಕುತ್ತಿರುವಾಗ ಚಿಕ್ಕಮ್ಮ ಕೊಡು ಎಂದು ಕೈಚಾಚಿದಳು. ಪುಸ್ತಕ ಮುಚ್ಚಿದಳು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಅದರ ದಪ್ಪವನ್ನು ಒಮ್ಮೆ ಹಿಡಿದು ನೋಡಿದಳು. ಇನ್ನೊಮ್ಮೆ ಹಿಡಿದಳು. ಅವಳ ಮುಖ ಬದಲಾದದ್ದನ್ನು ನಾನು ಕಂಡೆ.

“ಇದು ತೆಳ್ಳಗಿದೆ,” ಎಂದಳು.

ಆಮೇಲೆ ಪುಟ ತಿರುವಲಿಲ್ಲ, ಫಾರಂ ತಿರುವಿದಳು. ಪುಟದ ಅಡಿಯ ಸಣ್ಣ ಅಂಕಿಗಳ ಮೇಲೆ ಬೆರಳಿಟ್ಟು ಹದಿನಾರು, ಹದಿನೇಳು, ಹದಿನೆಂಟು ಎಂದು ಎಣಿಸುತ್ತ ಹೋದಳು. ಹದಿನೆಂಟಾದ ಮೇಲೆ ಇಪ್ಪತ್ತು. ಪುಟ ಇನ್ನೂರ ಎಂಬತ್ತೆಂಟರಲ್ಲಿ ಒಂದು ಅಧ್ಯಾಯ ಮುಗಿಯುತ್ತದೆ, ಪಕ್ಕದ ಪುಟ ಮುನ್ನೂರ ಐದು, ಅಲ್ಲಿ ಮತ್ತೊಂದು ಅಧ್ಯಾಯ ಶುರುವಾಗುತ್ತದೆ. ನಡುವಿನ ಇಡೀ ಮೂವತ್ತೆರಡನೇ ಅಧ್ಯಾಯ ಒಂದೇ ಫಾರಂನಲ್ಲಿತ್ತು, ಆ ಫಾರಂ ಪುಸ್ತಕದಲ್ಲಿರಲಿಲ್ಲ. ಓಡುತ್ತ ಓದುವ ಮೇಡಂ ಆ ಹಳ್ಳವನ್ನು ಹಾರಿದ್ದೂ ತಿಳಿಯದೆ ದಾಟಿಬಿಟ್ಟಿದ್ದರು. ಒಂದೊಂದೇ ಅಕ್ಷರ ಹಿಡಿದು ನಡೆದವಳು ಅದರೊಳಗೆ ಇಳಿದು ಕೊಡೆ ಮುಟ್ಟಿ ಬಂದಿದ್ದಳು. ಚಿಕ್ಕಮ್ಮ ಚೀಲದಿಂದ ಹತ್ತೊಂಬತ್ತನೇ ಫಾರಂ ತೆಗೆದು ಪುಸ್ತಕದ ಮೇಲಿಟ್ಟಳು.

ನಾನು ಎದ್ದುನಿಂತು, ಈಗ ನಗು ನೋಡೋಣ ಎಂದು ಹೊಲಿಗೆ ಮೇಜಿನವಳಿಗೆ ಹೇಳಿದೆ. ಹೇಳಬಾರದಿತ್ತು, ಆದರೆ ಹೇಳಿ ಬಹಳ ಸುಖಪಟ್ಟೆ. ಮೇಡಂ ಆ ಹದಿನಾರು ಪುಟಗಳನ್ನೂ ಚಿಕ್ಕಮ್ಮನ ಮುಖವನ್ನೂ ನೋಡುತ್ತ ಉಳಿದರು. ಗದ್ದಲ ಕೇಳಿ ಮೇಸ್ತ್ರಿ ಕೆಳಗಿಳಿದು ಬಂದ. ನಮ್ಮ ಪುಸ್ತಕದಲ್ಲಿ ಫಾರಂ ಕಡಿಮೆ ಎಂದದ್ದೇ ತಡ, ಅವನ ಮುಖ ಕೆಂಪಾಯಿತು. ಅಲ್ಲೇ ಊಟಕ್ಕೆ ಕೂತಿದ್ದ, ಫಾರಂ ಜೋಡಿಸುವ ಮೇಜಿನ ಹೆಂಗಸರ ಮೇಲೆ ಹರಿಹಾಯ್ದ. ಮಾತಾಡುತ್ತ ಜೋಡಿಸಿದರೆ ಇನ್ನೇನಾಗುತ್ತೆ ಎಂದ. ಆ ಹೆಂಗಸರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು.

ಚಿಕ್ಕಮ್ಮ ಅಷ್ಟರಲ್ಲಿ ಎಲ್ಲವನ್ನೂ ತಾಳೆ ಹಾಕಿ ನೋಡಿದ್ದಳು. ಹತ್ತೊಂಬತ್ತನೇ ಫಾರಂನ ರದ್ದಿ ಹಾಳೆಗಳನ್ನು ಯಂತ್ರದವರು ಮಸಿ ಒರೆಸಲು ಬಳಸಿಬಿಟ್ಟಿದ್ದರು. ಒಂದೂ ಉಳಿದಿರಲಿಲ್ಲ. ಹದಿನೆಂಟು ಓದಿ, ಮುಂದೇನಾಯಿತೋ ಎಂಬ ಸಂಕಟ ತಾಳಲಾರದೆ ಅವಳು ನನ್ನ ಕಣ್ಣೆದುರಿಗೇ ಒಳ್ಳೆಯ ರಾಶಿಯಿಂದ ಒಂದನ್ನು ಎತ್ತಿಕೊಂಡಿದ್ದಳು. ಅದರಿಂದ ಆ ರಾಶಿಯಲ್ಲಿ ಒಂದು ಕಡಿಮೆಯಾಯಿತು, ಕಡಿಮೆಯಾದದ್ದು ಕಟ್ಟಕಡೆಯ ಪ್ರತಿಗೆ, ಅಂದರೆ ಬಾಲಕ್ಕೆ. ಬಾಲ ಹೇಗೂ ಅಂಗಡಿಗೆ ಹೋಗುವುದಿಲ್ಲವಲ್ಲ ಎಂದು ಅವಳು ಅದರ ಮೆಟ್ಟಿಲು ನೋಡಿರಲಿಲ್ಲ. ಅದನ್ನೇ ಕೇಳಿ ತೆಗೆದುಕೊಂಡು ಸ್ನೇಹಿತೆಗೆ ಕೊಟ್ಟಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಬೈಗುಳ ಜೋಡಿಸುವವರಿಗೆ ಹೋಗುತ್ತಿತ್ತು, ಅವಳ ಇಪ್ಪತ್ತಾರು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ಹಾಗೇ ಇರು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

“ಮೇಸ್ತ್ರಿ, ಅವರನ್ನ ಬೈಬೇಡಿ. ಆ ಫಾರಂ ರಾಶಿಯಿಂದ ಎತ್ತಿದ್ದು ನಾನು, ಓದೋಕೆ. ಬಾಲದ ಮೆಟ್ಟಿಲು ನೋಡದೆ ಬಿಟ್ಟಿದ್ದೂ ನಾನೇ. ಕಟ್ಟಿದ್ದರಲ್ಲಿ ನಾನು ತಪ್ಪಿದ್ದೀನಿ. ಓದಿದ್ದರಲ್ಲಿ ತಪ್ಪಿಲ್ಲ.”

ಕೊನೆಯ ಮಾತನ್ನು ಹೇಳುವಾಗ ಅವಳ ಕತ್ತು ನೆಟ್ಟಗಾಗಿತ್ತು. ಅಷ್ಟು ಸಂತೋಷವಾಗಿ ತಪ್ಪೊಪ್ಪಿಕೊಂಡವರನ್ನು ನಾನಂತೂ ನೋಡಿಲ್ಲ. ಮೇಸ್ತ್ರಿಗೆ ಬೈಯಬೇಕೋ ಬಿಡಬೇಕೋ ತಿಳಿಯಲಿಲ್ಲ. ಓದೋಕಾ ಎಂದು ಕೇಳಿದ. ಓದೋಕೆ ಎಂದಳು. ಕದ್ದು ಓದುವಷ್ಟು ಚೆನ್ನಾಗಿದೆಯಾ ಎಂದ. ಆಗ ಮೊದಲು ನಕ್ಕವರು ಮೇಡಂ. ಅವರು ತಮ್ಮ ಡಬ್ಬಿಯನ್ನು ಪಕ್ಕಕ್ಕಿಟ್ಟು, ಕಿಟಕಿಗೆ ಒರಗಿ ಕೂತು, ಆ ಫಾರಂ ಎತ್ತಿ ಚಿಕ್ಕಮ್ಮನ ಕೈಗೇ ಕೊಟ್ಟರು.

“ಮೊದಲನೇ ಭಾಗ ನಾನು ಓದಿದ್ದೆ, ನೀವು ಕೇಳಿದ್ರಿ. ಇದನ್ನ ನೀವು ಓದಿ ಅಕ್ಕ. ನಾನು ಕೇಳ್ತೀನಿ.”

ಚಿಕ್ಕಮ್ಮ ಓದಿದಳು. ಒತ್ತಕ್ಷರಗಳಲ್ಲಿ ಈಗಲೂ ತುಸು ತಡೆಯುತ್ತಿದ್ದಳು, ಆದರೆ ಹಿಂದಿನ ಸಾಲಿಗೆ ಹೋಗಲಿಲ್ಲ. ತಂಗಿ ಅಣ್ಣನ ಮನೆಯ ಬಾಗಿಲು ತಟ್ಟಿದಳು. ಅಣ್ಣ ಬಹಳ ಅಕ್ಕರೆಯಿಂದ ಒಳಗೆ ಕರೆದ, ದಿನವಿಡೀ ಮನೆಯಲ್ಲೇ ಇದ್ದೆ ಎಂದ. ತಂಗಿ ಕೋಟು ತಗುಲಿಹಾಕಲು ಬಾಗಿಲ ಹಿಂದೆ ಕೈಹಾಕಿದಳು. ಮೇಲಿನ ಮೆಟ್ಟಿಲಲ್ಲಿ ಹೊಲಿಗೆ ಮೇಜಿನವಳು ಬಾಯಿಗೆ ಕೈ ಇಟ್ಟಿದ್ದಳು, ಈ ಸಲ ನಗಲು ಅಲ್ಲ. ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಊಟದ ಸಮಯ ಮುಗಿದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಮೇಸ್ತ್ರಿ ಗೋಡೆಗೆ ಒರಗಿ ನಿಂತು, ಮುಗಿಸು ಎಂದು ಕೈಸನ್ನೆ ಮಾಡಿದ. ಕೊಲೆ ಪುಸ್ತಕ ಕಂಡರಾಗದ ನಾನೂ ಡಬ್ಬಿ ಮುಚ್ಚುವುದನ್ನು ಮರೆತು ಕೂತಿದ್ದೆ. ಹದಿನಾರು ಪುಟ ಮುಗಿದಾಗ ಮೇಡಂ ಕಣ್ಣು ತೆರೆದು, ಮೋಸ ಅಲ್ಲ, ಬರೆದವರು ಹೇಳಿಯೇ ಇದ್ದರು ಎಂದರು. ಆಮೇಲೆ ನಿನ್ನೆ ತಾವು ಕೇಳಿದ ಮಾತಿಗಾಗಿ ಎಲ್ಲರ ಎದುರಿಗೇ ಕ್ಷಮೆ ಕೇಳಿದರು. ಚಿಕ್ಕಮ್ಮ ಅವರ ಕೆನ್ನೆ ತಟ್ಟಿ, ವಕೀಲನನ್ನು ಹಿಡಿದುಕೊಂಡು ಕೂತಿದ್ದಕ್ಕೆ ಬೇಕಾದರೆ ಕೇಳು ಎಂದಳು.

ಆ ಸಂಜೆ ಎಲ್ಲರೂ ಹೋದ ಮೇಲೂ ಅವಳು ಮೇಜು ಬಿಡಲಿಲ್ಲ. ರಟ್ಟು ಬಿಚ್ಚಿದಳು, ಬೆನ್ನಿನ ಹಳೆಯ ಅಂಟು ಕೆರೆದಳು, ಹತ್ತೊಂಬತ್ತನ್ನು ಅದರ ಜಾಗದಲ್ಲಿ ಕೂರಿಸಿ ಕೈಯಲ್ಲೇ ಹೊಲಿದಳು. ಮೆಟ್ಟಿಲುಗಳು ಮೇಲಿಂದ ಕೆಳಗೆ ಒಂದೂ ತಪ್ಪದೆ ಇಳಿದವು. ನಾನು ಅಂಟು ಹಚ್ಚಿ ರಟ್ಟು ಕೂರಿಸಿ ಒತ್ತುಯಂತ್ರಕ್ಕೆ ಇಟ್ಟೆ. ಬೆಳಗ್ಗೆ ತೆಗೆದು, ಅವಳು ಗೀಟು ಹಾಕಲೆಂದು ಕೊನೆಯ ಖಾಲಿ ಹಾಳೆ ಬಿಡಿಸಿ ಅವಳ ಮುಂದಿಟ್ಟೆ. ಅವಳು ಪೆನ್ಸಿಲ್ ತೆಗೆದುಕೊಂಡಳು. ಗೀಟು ಹಾಕಲಿಲ್ಲ. ನಿಧಾನವಾಗಿ, ದುಂಡಗೆ, ಎರಡು ಸಾಲು ಬರೆದು, ನನಗೆ ತೋರಿಸದೆ ಪುಸ್ತಕ ಮುಚ್ಚಿ, ಮೇಡಂಗೆ ಕೊಟ್ಟು ಬಾ ಎಂದು ಕಳಿಸಿದಳು. ಮೆಟ್ಟಿಲ ತಿರುವಿನ ಕಿಟಕಿಯ ಹತ್ತಿರ ನಿಂತು ನಾನು ತೆಗೆದು ನೋಡಿದೆ.

‘ಪೂರ್ತಿ ಇದೆ. ಓದಿ ನೋಡಿದ್ದೇನೆ.’